ಹೊರಡುವಾಗ ಹೇಳಿದ ಮಾತು

ಮಾರ್ಚ್ ೧೧, ಸೋಮವಾರ

ನಮ್ಮ ಮನೆಯವರಿಗೆ,

ನಮಸ್ಕಾರ. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನೀವು ನಿಮ್ಮಕ್ಕನ ಮನೆಯಲ್ಲಿದ್ದೀರಿ ಅಂತ ನನಗೆ ಗೊತ್ತಾದದ್ದೇ ಮೊನ್ನೆ, ಅವರು ಫೋನ್ ಮಾಡಿದಾಗ. "ಊಟ ಮಾಡ್ತಾನೆ, ಗೋಡೆ ನೋಡ್ಕೊಂಡು ಕೂರ್ತಾನೆ. ಫೋನ್ ಕೊಟ್ರೆ ಎದ್ದು ಹೋಗ್ತಾನಮ್ಮಾ" ಅಂದರು. ಪತ್ರವಾದರೆ ನೀವು ಎದ್ದು ಹೋದಮೇಲೂ ಅಲ್ಲೇ ಬಿದ್ದಿರುತ್ತದಲ್ಲ ಅಂತ ಬರೆಯಲು ಕೂತೆ.

ನಾನು, ಮಗಳು ಚೆನ್ನಾಗಿದ್ದೇವೆ. ಅಂದರೆ ಊಟ, ತಿಂಡಿ ನಡೆಯುತ್ತಿದೆ. ನನಗೆ ಮಾತ್ರ ಭಯ, ರೀ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಬಾಗಿಲ ಹಿಂದೆ ನಿಂತು ಕಿವಿಗೊಡುತ್ತೇನೆ. ನೀವೇನೋ ಅಂತ ಒಂದು ಸಲ, ಪೋಸ್ಟಿನವನೇನೋ ಅಂತ ಇನ್ನೊಂದು ಸಲ. ನಿಮ್ಮ ಲಾಂಡ್ರಿಯ ಮೊದಲ ನೋಟಿಸ್ ಕೊಟ್ಟು ಹೋದಾಗಿನಿಂದ ಆ ಮನುಷ್ಯನ ಮುಖ ಕಂಡರೇ ಬಾಗಿಲು ಹಾಕಿಕೊಳ್ಳೋಣ ಅನ್ನಿಸುತ್ತದೆ. ಪಾಪ, ಅವನೇನು ಮಾಡಿದ?

ಈಗ ಎರಡನೇ ನೋಟಿಸೂ ಬಂತು. ರಜೆ ಕೇಳದೆ ಗೈರುಹಾಜರಾಗಿದ್ದೀರಿ, ಈ ಶುಕ್ರವಾರ ವಿಚಾರಣೆಗೆ ಬರದಿದ್ದರೆ ನೀವಾಗಿಯೇ ಕೆಲಸ ಬಿಟ್ಟಿರಿ ಅಂತ ತಿಳಿದು ಹೆಸರು ತೆಗೆಯುತ್ತಾರಂತೆ. ಓದಿ ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದು, ಮುಖ ತೊಳೆದುಕೊಂಡು, ನಿಮ್ಮ ಲಾಂಡ್ರಿಗೇ ಹೋದೆ.

ಕಾರ್ಮಿಕರ ಸಂಘದ ಲಾಯರಮ್ಮ ಜೊತೆಗೆ ಬಂದರು. ವಯಸ್ಸು ನನಗಿಂತ ಕಡಿಮೆ, ಬಾಯಿ ನನಗಿಂತ ಜೋರು. ಮ್ಯಾನೇಜರ್ ಎದುರೇ ಅಂದರು: "ಹೇಳದೆ ಕೇಳದೆ ಕೆಲಸಕ್ಕೆ ಬರದೇ ಇದ್ದಿದ್ದು ತಪ್ಪೇ ಸಾರ್, ಒಪ್ತೀನಿ. ಆದ್ರೆ ಕೆಲಸಾನೇ ಬಿಟ್ರು ಅನ್ಬೇಕಾದ್ರೆ, ವಾಪಸ್ ಬರೋ ಮನಸ್ಸೇ ಇರ್ಲಿಲ್ಲ ಅಂತ ತೋರಿಸ್ಬೇಕು."

"ಮನಸ್ಸನ್ನ ನಾನೇನು ಬಗೆದು ನೋಡ್ಲಾ?" ಅಂದರು ಮ್ಯಾನೇಜರ್.

ಲಾಯರಮ್ಮ ಗೇಟಿನ ತಾತನನ್ನು ಕರೆಸಿದರು. ನಿಮ್ಮ ಜೊತೆ ಕೆಲಸ ಮಾಡುವ ಮೀಸೆಯಣ್ಣನ ಕೈ ಇಸ್ತ್ರಿ ಮೆಷೀನಿನ ರೋಲರಿಗೆ ಸಿಕ್ಕ ದಿನ ನೀವು ಹೊರಗೆ ಹೋಗುವಾಗ ಏನು ಹೇಳಿದಿರಿ ಅಂತ ಕೇಳಿದರು. "ಬರ್ತೀನಿ ತಾತ ಅಂದ್ರು. ಮುಖ ಬಿಳಿಚಿಕೊಂಡಿತ್ತು, ಆದ್ರೂ ಅಂದ್ರು" ಅಂದ ತಾತ.

"ನೋಡಿ ಸಾರ್, ಬರ್ತೀನಿ ಅಂತ ಹೇಳೇ ಹೋಗಿದಾರೆ!"

"ಏನಮ್ಮಾ, ಹೊರಡುವಾಗ ಎಲ್ಲರೂ ಅನ್ನೋದೇ ಅದು. ಬರ್ತೀನಿ ಅಂದೋರೆಲ್ಲ ಬಂದಿದ್ರೆ ಈ ಗೇಟಲ್ಲಿ ನಿಲ್ಲೋಕೆ ಜಾಗ ಇರ್ತಿತ್ತಾ?"

"ಬರೋ ಮನಸ್ಸಿಲ್ದಿದ್ರೆ ಹೋಗ್ತೀನಿ ಅಂತಿದ್ರು. ಬರ್ಕೊಳ್ಳಿ ಸಾರ್."

ಬರೆದುಕೊಂಡರು, ರೀ! ನನಗೆ ನಗುವೂ ಬಂತು, ಅಳುವೂ ಬಂತು. ಮಗಳು ಶಾಲೆಗೆ ಹೊರಡುತ್ತಾ ಬಾಯಿ ತಪ್ಪಿ "ಹೋಗ್ತೀನಿ" ಅಂದರೆ, ಮೆಟ್ಟಿಲು ಇಳಿದವಳನ್ನೂ ವಾಪಸ್ ಕರೆದು "ಬರ್ತೀನಿ ಅನ್ನು" ಅಂತ ಹೇಳಿಸಿ ಕಳಿಸುವವರು ನೀವು. ಈಗ ಆ ಒಂದು ಮಾತೇ ನಿಮ್ಮ ಕೆಲಸ ಉಳಿಸಬೇಕು.

ಬರುವ ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಮೀಸೆಯಣ್ಣನನ್ನು ನೋಡಿದೆ. ಎರಡು ಬೆರಳು ಹೋಗಿವೆ, ಕೈ ಉಳಿದಿದೆ. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ: "ಬೆಡ್‌ಶೀಟಿನ ಆ ತುದಿ ಹಿಡಿದಿದ್ದೋನು ಅವನು. ಓಡಿ ಹೋಗಿ ಸ್ವಿಚ್ ಆರಿಸದೇ ಇದ್ದಿದ್ರೆ ನನ್ನ ತೋಳೇ ಹೋಗ್ತಿತ್ತು. ತಡ ಮಾಡಿದೆ ಅಂತ ಕೊರಗ್ತಿದಾನಾ? ಪೆದ್ದ. ಬಂದು ನನ್ನ ಮುಖ ನೋಡೋಕೆ ಹೇಳಮ್ಮ."

ನಿಮಗೆ ಆ ಮೆಷೀನಿನ ಭಯ ಅಂತ ನನಗೆ ಗೊತ್ತು. ಆ ಮಧ್ಯಾಹ್ನ ಮನೆಗೆ ಬಂದಾಗ ಕುಕ್ಕರ್ ಕೂಗಿದ್ದಕ್ಕೆ ಬೆಚ್ಚಿಬಿದ್ದು ಗೋಡೆಗೆ ಅಂಟಿಕೊಂಡಿರಲ್ಲ, ನಾನು ನೋಡಲಿಲ್ಲವೇ? ಭಯವಾಯಿತು ಅಂತಲೇ ವಿಚಾರಣೆಯಲ್ಲಿ ಹೇಳಿ. ರೋಲರ್ ಬೇಡ, ಬೇರೆ ಕೆಲಸ ಕೊಡಿ ಅಂತ ಕೇಳಬಹುದಂತೆ. ಬಟ್ಟೆ ಮಡಚುವ ಕಡೆ ಹಾಕಿದರೆ ಹಾಕಲಿ. ಮನೆಯಲ್ಲಿ ಒಂದು ಟವೆಲ್ ಮಡಚಿಟ್ಟವರಲ್ಲ, ಅಲ್ಲಾದರೂ ಕಲಿಯುತ್ತೀರಿ.

ಹೊತ್ತಿಗೆ ಸರಿಯಾಗಿ ಮಲಗಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ದೇವರು ನಿಮಗೆ ಒಂದು ಚೂರು ಧೈರ್ಯ ಕೊಡಲಿ, ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಇಂತಿ,
ನಿಮ್ಮವಳು

ವಿ.ಸೂ.: ಶುಕ್ರವಾರ ನನ್ನನ್ನೂ ಕರೆದಿದ್ದಾರೆ. ಮನೆಯಿಂದ ಹೊರಡುವಾಗ ಗಂಡ ಏನು ಹೇಳಿದರು ಅಂತ ಕೇಳುತ್ತಾರಂತೆ. "ಬರ್ತೀನಿ" ಅಂದರು ಅಂತ ಲಾಯರಮ್ಮನಿಗೆ ಹೇಳಿಬಿಟ್ಟಿದ್ದೇನೆ, ಮಗಳಿಗೂ ಅದನ್ನೇ ಹೇಳಿದ್ದೇನೆ. ಗೇಟಿನ ತಾತನಿಗೆ ನೀವು ಹಾಗೆ ಅಂದಿರಬಹುದು. ನಮ್ಮ ಬಾಗಿಲಲ್ಲಿ ಚೀಲ ಹಿಡಿದು ನಿಂತು, ನನ್ನ ಮುಖ ನೋಡದೆ, "ಹೋಗ್ತೀನಿ" ಅಂದಿರಿ. ವಾಪಸ್ ಕರೆದು ತಿದ್ದಿಸಬೇಕು ಅನ್ನಿಸಿತು. ಕರೆದರೂ ಅದನ್ನೇ ಹೇಳಿಬಿಡುತ್ತೀರೇನೋ ಅಂತ ಹೆದರಿ ಸುಮ್ಮನಾದೆ. ಅದು ಬಾಯಿ ತಪ್ಪಿ ಬಂದದ್ದೇ ತಾನೇ, ರೀ?