ಅಪ್ಪ ನಿಮ್ಮ ಕಾರಿಗೆ ಬಣ್ಣ ಹೊಡೆದರು

ಮೊರಟುವ
ಏಪ್ರಿಲ್ ೨೧, ಭಾನುವಾರ

ಪ್ರೀತಿಯ ಕಿತ್ಸಿರಿ,

ಹೇಗಿದ್ದೀರಿ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸುವುದು ಕಲಿತನೇ? ಸೊಂಟನೋವಿಗೆ ಕೊಟ್ಟು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಶೀಶೆ ಹಾಗೇ ಕೂತಿದೆಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಈ ವಾರ ನನ್ನ ತಲೆ ಕೆಟ್ಟುಹೋಗಿದೆ. ನಿಮ್ಮ ಹಡಗು ಹತ್ತಲು ಹೊರಟಿರುವ ನಿಹಾಲ್ ಸಂಜೆ ಬಂದು ಈ ಪತ್ರ ಒಯ್ಯುತ್ತಾನೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧಕ್ಕೇ ಕೂಗಾಡುತ್ತೀರಿ. ಪತ್ರವನ್ನಾದರೆ ಬಾಯಿ ಮುಚ್ಚಿಕೊಂಡು ಕೊನೆತನಕ ಓದಬೇಕಾಗುತ್ತದೆ.

ವಿಷಯ ಇಷ್ಟೇ. ನಿಮ್ಮ ಮೋರಿಸ್ ಮೈನರ್‌ಗೆ ಅಪ್ಪ ಬಣ್ಣ ಹೊಡೆದಿದ್ದಾರೆ. ನೀವೇ ದುಬೈಯಿಂದ ಕಳಿಸಿದ ಕರೆಂಟಿನ ಸ್ಪ್ರೇ ಗನ್ನಿನಿಂದ. ಅವರನ್ನು ಬೈಯುವ ಮೊದಲು ಹೋದ ರಜೆಯಲ್ಲಿ ನೀವು ಮಾಡಿದ್ದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಬಡಗಿಯ ಮನೆಗೆ, ಅದೂ ಬಡಗಿಗಳ ಊರಾದ ಮೊರಟುವದಲ್ಲಿ, ಅಂಗಡಿಯಿಂದ ಮರದ ಹೊಟ್ಟು ಅಂಟಿಸಿ ಮಾಡಿದ ಹಲಗೆಯ ಬೀರು ತಂದು ಇಳಿಸಿದ ಅಳಿಯ ನೀವೊಬ್ಬರೇ ಇರಬೇಕು. ಅಪ್ಪ ಅದನ್ನು ಬೆರಳಿನಿಂದ ತಟ್ಟಿ, “ಇದೇನು ಮರಾನಾ, ಬಿಸ್ಕತ್ತಾ?” ಎಂದದ್ದೇ ಕೊನೆ, ಅವತ್ತಿನಿಂದ ನಿಮ್ಮೊಡನೆ ಮಾತು ಬಿಟ್ಟರು. ನೀವೇನು ಕಡಿಮೆಯೇ? ಕೈನೋವಿನ ಮಾವನಿಗೆ ಪಾಲಿಶ್ ಮಾಡಲು ಅನುಕೂಲವಾಗಲಿ ಎಂದು ಗನ್ನು ಕಳಿಸಿದಿರಿ, ಜೊತೆಗೆ ಎರಡು ಸಾಲು ಬರೆದಿಡಲು ನಿಮಗೆ ಏನು ಬಂದಿತ್ತು? ಬರುವ ತಿಂಗಳ ಹುಣ್ಣಿಮೆಗೆ, ವೆಸಾಕ್ ಹಬ್ಬಕ್ಕೆ ನೀವು ಬಂದಾಗ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಂಡರೆ ಸಾಕು ಎಂದು ನಾನು ಕಾಯುತ್ತಿದ್ದೇನೆ. ನನಗೆ ಬೇರೇನೂ ಬೇಡ.

ಹೋದ ವಾರ ಹೊಸವರ್ಷದ ದಿನ ಕಿರಿಬತ್ ಹಾಲನ್ನ ತಿಂದು ಕೈ ತೊಳೆದವರೇ ಅಪ್ಪ ಆ ಗನ್ನಿನ ಡಬ್ಬಿ ಬಿಚ್ಚಿದರು. ಕೆಲಸ ಶುರುಮಾಡುವ ಮುಹೂರ್ತಕ್ಕೆ ಕುರ್ಚಿಗೋ ಸ್ಟೂಲಿಗೋ ಹೊಡೆಯುತ್ತಾರೆ ಎಂದುಕೊಂಡೆ. ಅವರು ಕಾರಿನ ಗಾಜುಗಳಿಗೆ ಪೇಪರ್ ಅಂಟಿಸತೊಡಗಿದರು. “ಅಳಿಯ ಬರೋಷ್ಟ್ರಲ್ಲಿ ಗಾಡಿ ಮದುಮಗಳ ಥರ ಇರ್ಬೇಕು, ನೋಡ್ತಿರು” ಎಂದರು. ಅಳಿಯ ಎಂಬ ಮಾತು ಅವರ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತು! ನಾನು ಕರಗಿಹೋದೆ, ತಡೆಯಲಿಲ್ಲ. ಎಂಥಾ ಪೆದ್ದಿ ನಾನು.

ಪಂಚಾಂಗದ ಪ್ರಕಾರ ಈ ವರ್ಷ ಪಶ್ಚಿಮಕ್ಕೆ ಮುಖ ಮಾಡಿ ಕೆಲಸ ಆರಂಭಿಸಬೇಕಂತೆ. ನಮ್ಮಲ್ಲಿ ಗಾಳಿ ಬರುವುದೂ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದಲೇ. ಹೊಡೆದ ಬಣ್ಣದಲ್ಲಿ ಅರ್ಧ ಕಾರಿಗೆ, ಅರ್ಧ ಅಪ್ಪನ ಮೀಸೆಗೆ. ಆಕಾಶ ಕಪ್ಪಿಟ್ಟಿತ್ತು, ಗಾಳಿಯ ತೇವಕ್ಕೆ ಹಗ್ಗದ ಮೇಲಿನ ಬಟ್ಟೆಯೂ ಒಣಗಿರಲಿಲ್ಲ. “ಅಪ್ಪಾ, ಗುಡುಗ್ತಿದೆ, ನಾಳೆ ಹೊಡೀರಿ” ಅಂದೆ. “ಮುಹೂರ್ತ ನಿನ್ನಪ್ಪನಿಗೋಸ್ಕರ ನಾಳೆ ತನಕ ಕಾಯುತ್ತಾ?” ಅಂದರು. ಗನ್ನಿಗೆ ತುಂಬಿದ್ದೂ ಕುರ್ಚಿಗೆ ಹೊಡೆಯುವ ಲ್ಯಾಕರ್, ಅದಕ್ಕೆ ಹಸಿರು ಬೆರೆಸಿದ್ದರು. ಬಣ್ಣ ಅಂದರೆ ಬಣ್ಣ, ಥಿನ್ನರ್ ಅಂದರೆ ಥಿನ್ನರ್ ಎಂಬುದು ಅವರ ಲೆಕ್ಕ. ಅದು ತಾಗಿದ್ದೇ ತಡ, ಕೆಳಗಿನ ಹಳೇ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಮೇಲಿನದು ತೇವಕ್ಕೆ ಬೆಳ್ಳಗಾಯಿತು. ನಡುವೆ ಗನ್ನಿನ ಮೂತಿ ಕಟ್ಟಿಕೊಂಡು ಫೂ ಫೂ ಎಂದು ಉಗುಳತೊಡಗಿತು. “ಕೊಟ್ಟವನ ಥರಾನೇ ಇದೆ, ಹೊತ್ತಿಗೆ ಸರಿಯಾಗಿ ಬಾಯಿ ಕಟ್ಟುತ್ತೆ” ಎಂದು ಅದಕ್ಕೂ ಬೈದರು. ಸಿಟ್ಟಿನಲ್ಲೂ ನನಗೆ ನಗು ಬಂತು, ನಿಜ ಹೇಳುತ್ತೇನೆ.

ಸುಕ್ಕಾದದ್ದನ್ನು ಥಿನ್ನರ್ ಹಾಕಿ ಉಜ್ಜಿದರು, ಇನ್ನೂ ಕೆಟ್ಟಿತು. ಒಂದು ಕಡೆ ತಗಡೇ ಕಾಣುತ್ತಿದೆ. ಹಬ್ಬದ ಕೊಕಿಸ್ ತಿಂಡಿಯ ತಟ್ಟೆ ಹಿಡಿದು ಬಂದ ಪಕ್ಕದ ಮನೆಯ ಸಿರಿಲ್, “ಏನ್ ಬಾಸ್, ಗಾಡಿಗೆ ಸಿಡುಬು ಬಂತಾ?” ಎಂದು ಹಲ್ಲುಕಿರಿದ. ಬಡಗಿ ಮೇಸ್ತ್ರಿಯೆಂದು ಊರೆಲ್ಲ ಬಾಸ್ ಬಾಸ್ ಎಂದು ಕರೆದು, ತಮ್ಮ ಹೆಣ್ಣುಮಕ್ಕಳ ಮದುವೆಯ ಮಂಚ ಮಾಡಿಸಿಕೊಂಡದ್ದು ಅಪ್ಪನ ಅದೇ ಕೈಯಿಂದ. ಅಪ್ಪ ಗನ್ನನ್ನು ತೊಳೆದು, ಒರೆಸಿ, ಡಬ್ಬಿಗೆ ಹಾಕಿದರು. ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿದೆ. ಸಿರಿಲ್ ಮೇಲೆ, ಪಂಚಾಂಗದ ಮೇಲೆ, ಅಪ್ಪನ ಮೇಲೆ, ದೂರದಲ್ಲಿ ಹಾಯಾಗಿರುವ ನಿಮ್ಮ ಮೇಲೆ. ಬಾಯಿಬಿಟ್ಟು ಒಂದು ಮಾತಾಡಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ನೀವು ಗನ್ನು ಕಳಿಸುತ್ತೀರಿ, ಅವರು ಕಾರಿಗೆ ಬಣ್ಣ ಹೊಡೆಯುತ್ತಾರೆ, ನಡುವೆ ಅರೆದುಹೋಗುತ್ತಿರುವವಳು ನಾನು.

ಸಮುದ್ರ ಶಾಂತವಾಗಿರಲಿ, ಬುದ್ಧ ಧರ್ಮ ಸಂಘಗಳ ಕಾಪು ನಿಮ್ಮ ಮೇಲಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಇರೋಮಿ

ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ: ಅಪ್ಪ ಮನೆಯಲ್ಲಿಲ್ಲ. ಹತ್ಯಾರಿನ ಪೆಟ್ಟಿಗೆ ಹೊತ್ತು ಪಾಣದುರೆಯ ನನ್ನ ಸೋದರತ್ತೆಯ ಮನೆಗೆ ಹೋಗಿದ್ದಾರೆ. “ಅವನು ಬಂದಾಗ ನಾನಿಲ್ಲಿ ಇರಬಾರ್ದು ಮಗಳೇ, ಯಾವ ಮುಖ ಇಟ್ಕೊಂಡು ಎದುರಿಗೆ ನಿಲ್ಲಲಿ?” ಎಂದರು. ಇದು ಕೋಪವಲ್ಲ, ನಾಚಿಕೆ. ನಾನು ಹೋಗಿ ಕರೆದರೂ ಬರಲಿಲ್ಲ. ನೀವು ಬಂದ ದಿನವೇ ಆ ಕಾರನ್ನು ಹೇಗಿದೆಯೋ ಹಾಗೇ ಪಾಣದುರೆಗೆ ಓಡಿಸಿಕೊಂಡು ಹೋಗಿ, ಹಾಡಹಗಲಿನಲ್ಲಿ, ಗಾಲೆ ರಸ್ತೆಯಲ್ಲಿ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕರೆತನ್ನಿ. ದಾರಿಯಲ್ಲಿ ಯಾರಾದರೂ ಬಣ್ಣ ಯಾರು ಹೊಡೆದದ್ದು ಎಂದು ಕೇಳಿದರೆ, ನಮ್ಮ ಮಾವ ಎಂದು ಅವರಿಗೆ ಕೇಳಿಸುವಂತೆ ಹೇಳಿ. ಮತ್ತೆ ಬಣ್ಣ ಹೊಡೆಸುವ ಮಾತೆತ್ತಿದಿರೋ, ನಾನೂ ಪಾಣದುರೆಗೆ ಹೋಗುತ್ತೇನೆ.