ಅಪ್ಪ ಬಿಟ್ಟುಬಂದ ಚಿಪ್ಪು

ಮಾರ್ಚ್ 4

ಬೆಳಿಗ್ಗೆ ಆರು ಪ್ರವಾಸಿಗರು. ನೀರಿನ ಕನ್ನಡಕ ಹಾಕಿಸಿ, ಕೊಲ್ಲಿಗಿಳಿಸಿ ತಕ್ಲೊಬೊ, ಅಂದರೆ ನಮ್ಮ ಕಡಲಿನ ದೈತ್ಯ ಚಿಪ್ಪುಜೀವಿ, ತೋರಿಸಿದೆ. ಕೂಸು ಮಲಗಿಸುವಷ್ಟು ದೊಡ್ಡ ಚಿಪ್ಪು, ಒಳಗೆ ನೀಲಿ ಮಖಮಲ್ಲು. ಮರಿಗಳೆಲ್ಲಿ ಎಂದು ಒಬ್ಬಳು ಕೇಳಿದಳು. ನಕ್ಕು ಮಾತು ತೇಲಿಸಿದೆ. ಹೋದ ವರ್ಷ ತೊಟ್ಟಿಯಲ್ಲಿ ಹುಟ್ಟಿದವೆಲ್ಲ ವಾರದೊಳಗೇ ಸತ್ತವು. ಮರಿ ಸಾಕುವ ನಮ್ಮ ಮರಿಮನೆಯ ವಿಜ್ಞಾನಿ ರೊವೆನಾ ಮ್ಯಾಮ್ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು — ನಮ್ಮ ಹದಿನಾಲ್ಕು ತಕ್ಲೊಬೊಗಳೂ ಒಂದೇ ತಾಯಿಯ ಮಕ್ಕಳು. ಹೊಸ ರಕ್ತ ಬೇಕು. ಈ ಹುಣ್ಣಿಮೆಗೂ ಮರಿ ಉಳಿಯದಿದ್ದರೆ ಮರಿಮನೆಗೆ ಬೀಗ.

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ತಟ್ಟೆ ಸರಿಸಿದ.

"ಒಂದಿದೆ ಇಂದಾಯ್, ಮಗಳೇ. ಸಾಕಿದ್ದಲ್ಲ, ಕಾಡು ತಕ್ಲೊಬೊ. ನಾನೇ ಬಿಟ್ಟುಬಂದಿದ್ದು."

"ಯಾವಾಗ?!"

"ನೀನು ಹುಟ್ಟಿದ ವರ್ಷ. ಹಾರೆ ಎತ್ತಿದ್ದೆ... ಮನಸ್ಸು ಬರ್ಲಿಲ್ಲ."

ಊರಲ್ಲೇ ಅತಿ ಹೆಚ್ಚು ಚಿಪ್ಪು ಕಿತ್ತು ಮಾರಿದ ಮನುಷ್ಯ! ಚರ್ಚಿನ ತೀರ್ಥದ ಬಟ್ಟಲೂ ಅಪ್ಪ ಕಿತ್ತು ತಂದ ಚಿಪ್ಪೇ. ನಲವತ್ತೊಂದು ವರ್ಷ ಬಾಯಿ ಬಿಟ್ಟಿಲ್ಲ, ನನ್ನ ಹತ್ತಿರವೂ. ಸಿಟ್ಟು ಬಂತು. ಮುದ್ದೂ ಬಂತು.

ಮಾರ್ಚ್ 6

ಅಪ್ಪ, ನಾನು, ಮ್ಯಾಮ್. ದೋಣಿ ಪಕ್ಕದ ಮನೆಯ ನಂದಿಂಗನದು. ಇಲ್ಲಿಯ ಮೀನುಗಾರರು ಜಾಗ ಗುರುತಿಡುವುದು ದಡ ನೋಡಿಯೇ. ಅಪ್ಪನ ಲೆಕ್ಕ: ಚರ್ಚಿನ ಗೋಪುರ ಬೆಟ್ಟದ ಸೀಳಿನಲ್ಲಿ ನಿಲ್ಲಬೇಕು, ಒಂಟಿ ತೆಂಗು ಬಿಳಿ ಬಂಡೆಯ ನೆತ್ತಿಗೆ ಬರಬೇಕು. ಎರಡೂ ಕೂಡಿದಲ್ಲಿ ಮುಳುಗು. ಏಳು ಸಲ ಮುಳುಗಿದೆ. ಬರೀ ಮರಳು.

ಮಾರ್ಚ್ 7

ಇವತ್ತೂ ಮರಳು. ನಂದಿಂಗನ ಬಾಯಿ ಸುಮ್ಮನಿರಬೇಕಲ್ಲ, ಅಪ್ಪನನ್ನೇ ಕೆಣಕಿದ. "ಪುಲೊ ಮಾವ, ಅದಕ್ಕೆ ಕಾಲು ಬಂದಿರ್ಬೇಕು. ಇಲ್ಲಾ ನೀವೇ ಮಾರಿ ಮರ್ತ್‌ಬಿಟ್ರಾ?"

ಅಪ್ಪ ಹಗ್ಗ ಸುತ್ತತೊಡಗಿದ. ದಡಕ್ಕೆ ಬಂದ ಮೇಲೆ ನನ್ನನ್ನು ಕೇಳಿದ, "ನೀನೂ ಹಾಗೇ ಅಂದ್ಕೊಂಡ್ಯಾ?"

ಇಲ್ಲ ಎಂದೆ. ಅಂದುಕೊಂಡಿದ್ದೆ. ಥೂ, ನನ್ನ ಮುಖಕ್ಕಿಷ್ಟು.

ಮಾರ್ಚ್ 10, ಬೆಳಿಗ್ಗೆ

ಪ್ರವಾಸಿಗರಿಗೆ ಎಳನೀರು ತರಲು ಆ ಒಂಟಿ ತೆಂಗಿನ ಹತ್ತಿರ ಹೋಗಿದ್ದೆ. ಮರದೊಡತಿ ಪೆಲಾಗಿಯಾ ಅಕ್ಕ ಮಾತಿಗೆ ಮಾತು ಬಂದು, "ನನ್ನ ಮದುವೆ ವರ್ಷ ನೆಟ್ಟಿದ್ದು ಕಣೇ. ಹಳೇ ಮರ ಚಂಡಮಾರುತಕ್ಕೆ ಹೋಯ್ತಲ್ಲ" ಎಂದಳು.

ಅವಳ ಮದುವೆ ನನಗೇ ನೆನಪಿದೆ — ಅಪ್ಪ ಗುರುತಿಟ್ಟ ತೆಂಗು ಇದಲ್ಲ! ಹಳೆಯದು ಎಲ್ಲಿತ್ತು? ಅರವತ್ತು ಹೆಜ್ಜೆ ಆಚೆ! ಅಪ್ಪನ ಕಣ್ಣಿಗೆ ಪೊರೆ. ಎತ್ತರದ ತೆಂಗು ಕಂಡಿತು, ಅದೇ ಎಂದುಕೊಂಡ. ದೋಣಿಯಿಂದ ಕಾಣಲೆಂದು ಹಳೇ ಬುಡದ ಗುಳಿಯಲ್ಲಿ ಬಿದಿರು ನೆಟ್ಟು ಕೆಂಪು ಟವೆಲ್ ಕಟ್ಟಿ ಬಂದೆ.

ಮಧ್ಯಾಹ್ನ

ಸಿಕ್ಕಿತು! ಎರಡನೇ ಮುಳುಗಿಗೇ. ನನ್ನ ನೆರಳು ಬಿದ್ದದ್ದೇ ಮೆಲ್ಲಗೆ ಬಾಯಿ ಮುಚ್ಚಿಕೊಂಡಿತು. ನೀರೊಳಗೇ ಅತ್ತೆ. ಮೇಲೆ ಬಂದು ಅಪ್ಪನ ಕೈ ಹಣೆಗೊತ್ತಿಕೊಂಡೆ.

ನಂದಿಂಗ್ ತಲೆ ಕೆರೆದುಕೊಂಡ. "ತಪ್ಪಾಯ್ತು ಮಾವ."

"ನಿನ್ನ ಬಾಯಿಗೂ ಇಂಥದೊಂದು ಚಿಪ್ಪು ಹಾಕ್ಸ್‌ಬೇಕು ಕಣೋ" ಎಂದ ಅಪ್ಪ.

ಮಾರ್ಚ್ 19

ಅಪ್ಪನ ಚಿಪ್ಪಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ — ಬೇರೆಯೇ ವಂಶ! ತೊಟ್ಟಿಗೆ ತಂದೆವು. ಅಪ್ಪನಿಗೆ ಇಷ್ಟವಿಲ್ಲ. ಕೆಲಸ ಮುಗಿದ ಮೇಲೆ ಅದರ ಜಾಗಕ್ಕೇ ಮರಳಿಸುತ್ತೇವೆಂದು ಮ್ಯಾಮ್ ಮಾತು ಕೊಟ್ಟ ಮೇಲೆ ಒಪ್ಪಿದ.

ಮಾರ್ಚ್ 22

ಬೀಜ ಬಿಡಿಸಲು ಇದಕ್ಕೊಂದು, ನಮ್ಮ ಹದಿನಾಲ್ಕರಲ್ಲಿ ಒಂದಕ್ಕೆ ಇನ್ನೊಂದು ಇಂಜೆಕ್ಷನ್. ತಕ್ಲೊಬೊದಲ್ಲಿ ಗಂಡೂ ಅದೇ, ಹೆಣ್ಣೂ ಅದೇ — ಮೊದಲು ಬಿಳಿ ಹೊಗೆಯಂತೆ ಬೀಜ ಬಿಟ್ಟವು. ಒಂದು ಗಂಟೆ ಕಾದ ಮೇಲೆ ಮೊಟ್ಟೆ. ಬೇರೆ ಬೇರೆ ಬಕೆಟ್ಟಿನಲ್ಲಿ ಹಿಡಿದು, ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಬೆರೆಸಿದೆವು. ಅಪ್ಪ ಬಕೆಟ್ ಹಿಡಿದಿದ್ದ.

ಮಾರ್ಚ್ 31

ಒಂಬತ್ತನೇ ದಿನ. ಬದುಕಿವೆ. ಸಾವಿರಾರು! ಮ್ಯಾಮ್ ನನ್ನನ್ನು ತಬ್ಬಿಕೊಂಡು ಕುಣಿದರು. ಪ್ರವಾಸಿಗರು ಸೂಕ್ಷ್ಮದರ್ಶಕಕ್ಕೆ ಸಾಲು ನಿಂತರು. ಅಪ್ಪ ಮಾತ್ರ ತಾಯಿಚಿಪ್ಪಿನ ತೊಟ್ಟಿ ಬಿಟ್ಟು ಕದಲಲಿಲ್ಲ. ನಾಳೆ ಅದು ಮನೆಗೆ.

ಏಪ್ರಿಲ್ 1

ಚಿಪ್ಪು ದೋಣಿಯಲ್ಲಿದೆ. ಒದ್ದೆ ಗೋಣಿ ಹೊದಿಸಿದೆ. ಅಪ್ಪನೂ ಅಂಗಿ ಕಳಚಿ ಕೂತಿದ್ದಾನೆ.

"ನೀನು ಇಳಿಯೋದು ಬೇಡಪ್ಪ. ಉಸಿರು ಸಾಲಲ್ಲ."

"ಜನ್ಮವೆಲ್ಲ ಕೀಳೋಕೆ ಇಳಿದೆ ಇಂದಾಯ್. ಒಂದ್ಸಲ ಇಡೋಕೆ ಇಳೀತೀನಿ ಬಿಡೇ."

ಗದರಿಸಬೇಕು. ಇರಲಿ. ಕೈ ಹಿಡಿದುಕೊಂಡೇ ಇಳಿಸುತ್ತೇನೆ. ಹೊರಡೋಣ ಎಂದು ನಂದಿಂಗ್ ಕೂಗುತ್ತಿದ್ದಾನೆ. ಅಪ್ಪನ ನೀರಿನ ಕನ್ನಡಕ ಎಲ್ಲಿಟ್ಟೆ ನಾನು—