ಸಾಗವಾನಿಗೆ ಬಿಗಿದ ತಂತಿ

ಹಳಿಯಾಳ, ೧೨–೧–೧೯೩೮

ರೇಡಿಯೋ ಮೇಸ್ತ್ರಿ ಕರಿಬಸಪ್ಪನವರಿಗೆ ಬಡಿಗ ಕಾಸಿಂಸಾಬನ ಸಲಾಮು.

ಮತ್ತೆ ಕೆಟ್ಟ ಕನಸು. ಮಂಜಿನಲ್ಲಿ ನನ್ನ ತಮ್ಮ ಶೌಕತನ ವಿಮಾನ ಗುಡ್ಡದ ಕಡೆ ಹೊರಟಿದೆ; ನಾನು ಕೆಳಗಿನಿಂದ ಎಷ್ಟು ಕೂಗಿದರೂ ಅವನ ರೇಡಿಯೋದಲ್ಲಿ ಬರೀ ಕರಕರ.

ನಾವು ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ನೀವು ಕೂಡಿಸಿದ ರೇಡಿಯೋ ನಿಜವಾಗಿಯೂ ಕರಕರ ಅನ್ನುತ್ತದೆಂದು ಕರೆಸಿದರೆ, ನೀವು ಚಹಾ ಕುಡಿದು, "ಹವಾ ಕೆಟ್ಟೈತ್ರಿ, ತಾನ ನಿಲ್ಲತೈತಿ" ಎಂದಿರಿ. ಎಂಜಿನ್ ಆರಿಸಿದ ಕೂಡಲೇ ಆ ಹವಾ ಹೇಗೆ ಸುಧಾರಿಸಿತು, ಪಂಡಿತರೇ?

ನಾನು ಮೂರನೇ ಇಯತ್ತೆ ಬಿಟ್ಟವನು. ಆದರೂ ಬಿಚ್ಚಿ ನೋಡಿದೆ. ಎಂಜಿನ್ನಿನ ಗದ್ದಲ ರೇಡಿಯೋಕ್ಕೆ ಬರದಂತೆ ತಡೆಯುವ ತಂತಿಯನ್ನು ನೀವು ಲಾರಿಗೆ ಮಾಡಿದಂತೆ ವಿಮಾನದ ಮೈಗೆ ಬಿಗಿದಿದ್ದೀರಿ. ಲಾರಿಯ ಮೈ ಕಬ್ಬಿಣ; ಇದು ದಾಂಡೇಲಿಯ ಸಾಗವಾನಿ, ನಾನೇ ಕೆತ್ತಿದ್ದು; ಕಟ್ಟಿಗೆಯಲ್ಲಿ ಕರೆಂಟು ಹರಿಯುತ್ತದೆಯೇ? ತಂತಿಯನ್ನು ಎಂಜಿನ್ನಿಗೇ ಬೋಲ್ಟು ಹಾಕಿ ಬಿಗಿದೆ, ಕರಕರ ನಿಂತಿತು.

ಆದರೆ ಕಬ್ಬಿಣದ ಕೆಲಸದಲ್ಲಿ ನನ್ನ ಕೈಮೇಲೆ ನನಗೇ ನಂಬಿಕೆಯಿಲ್ಲ. ರವಿವಾರ ಶೌಕತ ಹಾರುತ್ತಾನೆ. ನಿಮ್ಮ ವಿದ್ಯೆ ಮನೆಯಲ್ಲಿಟ್ಟು, ಪಾನಾ ಒಂದೇ ಹಿಡಿದು ಬನ್ನಿ. ಆ ಬೋಲ್ಟು ಬಿಗಿಯಾಗಿದೆಯೇ, ಇನ್ನೊಮ್ಮೆ ನೋಡಿ.

ಕಾಸಿಂಸಾಬ